ಮುದಿಯಾದರೂ ಹದಿನಾರು

ಅಮೆರಿಕದ ಮಿಷಿಗನ್ ಸಂಸ್ಥಾನದಲ್ಲಿ, ಮೋಟಾರುಗಳ ತವರುಮನೆಯೆನಿಸಿದ ಡೆಟ್ರಾಯಿಟ್ ನಗರದ ಮಗ್ಗುಲಿಗೇ ಡಿಯರ್‌ಬಾರ್ನ್ ಎಂಬ ಊರಿದೆ. ಹೆನ್ರಿ ಫೋರ್ಡ್ ಹುಟ್ಟಿ ಬೆಳೆದ ಸೀಮೆ ಅದು. ಚರಿತ್ರೆಯೆಂಬುದು ಹುರುಳಿಲ್ಲದ ಸಂಗತಿ ಎಂಬರ್ಥದ ಮಾತನ್ನು 1916ರಲ್ಲಿ ಪತ್ರಿಕೆಯವರ ಮುಂದೆ ಆಡಿ ನಗೆಗೀಡಾದ ಈ ಮಹಾಶಯನೇ, ಮುಂದೆ ಅದೇ ಊರಿನಲ್ಲಿ ಚರಿತ್ರೆಗಾಗಿ ಒಂದು ಅರಮನೆಯನ್ನು ಕಟ್ಟಿಸಿದನೆಂಬುದು ಸೋಜಿಗ. ಎಡಿಸನ್ನನ ವಿದ್ಯುದ್ದೀಪಕ್ಕೆ ಐವತ್ತು ವರ್ಷ ತುಂಬಿದ ಹಬ್ಬದ ದಿನ, 1929ರ ಅಕ್ಟೋಬರ್ 21ರಂದು, ಆ ವಸ್ತುಸಂಗ್ರಹಾಲಯದ ಪ್ರತಿಷ್ಠಾಪನೆಯಾಯಿತು. ಅದರ ಮುಂಭಾಗವು ಫಿಲಡೆಲ್ಫಿಯದ ಸ್ವಾತಂತ್ರ್ಯ ಭವನದ ಪ್ರತಿರೂಪ. ಒಳಗೆ ಕಾಲಿಟ್ಟರೆ ಎಕರೆಗಟ್ಟಲೆ ಹರಡಿದ ಸಾಗುವಾನಿಯ ನೆಲ. ಕಾಲು ಸೋತೀತೇ ಹೊರತು ನೋಡುವ ವಸ್ತುಗಳು ಮುಗಿಯವು. ಅಬ್ರಹಾಂ ಲಿಂಕನ್ ಗುಂಡೇಟು ತಿಂದಾಗ ಕುಳಿತಿದ್ದ ರಂಗಮಂದಿರದ ಕುರ್ಚಿ ಅಲ್ಲಿದೆ. ಅಧ್ಯಕ್ಷ ಕೆನಡಿ ಕೊನೆಯ ಬಾರಿ ಸವಾರಿ ಮಾಡಿದ ಲಿಂಕನ್ ಕಾರೂ ಅಲ್ಲಿದೆ.

ಇಷ್ಟೆಲ್ಲ ಹೆಸರುವಾಸಿಯಾದ ವಸ್ತುಗಳ ನಡುವೆ, ಪಂದ್ಯದ ಮೋಟಾರುಗಳಿಗೆಂದು 2021ರಲ್ಲಿ ತೆರೆದ ಹೊಸ ವಿಭಾಗದಲ್ಲಿ, ಒಂದು ಹಳೆಯ ಗಾಡಿಯ ಮುಂದೆ ನೋಡುವವರ ಹೆಜ್ಜೆ ನಿಧಾನವಾಗುತ್ತದೆ. ಅದು ಚೆಲುವಾಗಿರುವುದರಿಂದಲ್ಲ. ಸುತ್ತಮುತ್ತಲಿನ ಗಾಡಿಗಳ ಥಳಕು ಅದಕ್ಕಿಲ್ಲ. ಬಣ್ಣ ಮಾಸಿದೆ, ಎಣ್ಣೆಯ ಕಲೆ ಆರಿ ಕಪ್ಪುಗಟ್ಟಿದೆ. ಮೇಲೆ ಮಾಡಿಲ್ಲ, ಪಕ್ಕಕ್ಕೆ ಬಾಗಿಲಿಲ್ಲ, ಮುಂದೆ ಗಾಳಿ ತಡೆಯುವ ಗಾಜಿಲ್ಲ. ಉದ್ದನೆಯ ಬಾನೆಟ್ಟು, ಅದರ ಹಿಂದೆ ಇಬ್ಬರು ಕೂರುವ ಎರಡು ಆಸನ, ಆಸನದ ಬೆನ್ನಿಗೆ ಉರುಳೆಯಾಕಾರದ ಪೆಟ್ರೋಲ್ ಟ್ಯಾಂಕಿ, ಮರದ ಕಡ್ಡಿಗಳ ಚಕ್ರಗಳು — ಇಷ್ಟೆ. ಮೈಮೇಲೆ ದೊಡ್ಡದಾಗಿ 16 ಎಂಬ ಅಂಕಿ. ಅಮೆರಿಕದವರು ಇದನ್ನು ಮುದ್ದಿನಿಂದ ‘ಓಲ್ಡ್ ಸಿಕ್ಸ್‌ಟೀನ್’ ಎನ್ನುತ್ತಾರೆ. ಕನ್ನಡದಲ್ಲಿ ‘ಹಳೆಯ ಹದಿನಾರು’ ಎನ್ನಬೇಕಾದೀತು. ಹದಿನಾರೆಂದರೆ ಹರೆಯ ಎಂದು ಬಲ್ಲ ನಮಗೆ ಈ ಹೆಸರು ಕೇಳಿ ನಗು ಬಂದರೆ ತಪ್ಪಲ್ಲ. 1906ರಲ್ಲಿ ಹುಟ್ಟಿದ ಈ ಗಾಡಿಗೆ ನೂರು ವರ್ಷ ದಾಟಿ ಎಷ್ಟೋ ಕಾಲವಾಯಿತು.

ಇದರ ಹೆಚ್ಚುಗಾರಿಕೆಯೇನೆಂದರೆ, ಇದಕ್ಕೆ ಯಾರೂ ಹೊಸ ಬಣ್ಣ ಬಳಿಯಲಿಲ್ಲ. ಕೈಯಿಂದ ಕೈಗೆ ಬಂದರೂ ಪಡೆದವರಲ್ಲಿ ಒಬ್ಬನೂ ಇದನ್ನು ಹೊಸದಾಗಿ ಕಾಣಿಸಬೇಕೆಂದು ಹಟ ಹಿಡಿಯಲಿಲ್ಲ. ಕೇಳುವುದಕ್ಕೆ ಇದು ಸಣ್ಣ ಮಾತು. ಹಳೆಯ ಹಿತ್ತಾಳೆಯ ಪಾತ್ರೆ ಕೈಗೆ ಸಿಕ್ಕಿದೊಡನೆ ಹುಣಿಸೆಹಣ್ಣು ಹಚ್ಚಿ ತಿಕ್ಕದೆ ಬಿಡುವ ಗೃಹಿಣಿಯನ್ನು ಎಲ್ಲಿಯಾದರೂ ಕಂಡಿದ್ದೀರಾ? ಹಣವಿದ್ದು, ಹಳೆಯ ಮೋಟಾರುಗಳ ಹುಚ್ಚೂ ಇದ್ದವರಿಗೆ ಆ ಕೈ ತಡೆದುಕೊಳ್ಳುವುದು ಅದಕ್ಕಿಂತಲೂ ಕಷ್ಟ.

ಈ ಗಾಡಿಯನ್ನು ಮಾಡಿದವರು ಲೋಕೊಮೊಬೀಲ್ ಕಂಪೆನಿಯವರು. ಇಂದು ಈ ಹೆಸರನ್ನು ಕೇಳಿದವರು ಕಡಿಮೆ. 1899ರಲ್ಲಿ ಪತ್ರಿಕೋದ್ಯಮಿ ಜಾನ್ ಬ್ರಿಸ್ಬೆನ್ ವಾಕರನೂ, ಬೀದಿಗಳಿಗೆ ಡಾಂಬರು ಹಾಸಿಯೇ ಸಿರಿವಂತನಾದ ಏಮ್ಜಿ ಬಾರ್ಬರನೂ ಕೂಡಿ, ಸ್ಟ್ಯಾನ್ಲಿ ಎಂಬ ಅವಳಿ ಸೋದರರ ಉಗಿಗಾಡಿಯ ವ್ಯವಹಾರವನ್ನು ಎರಡೂವರೆ ಲಕ್ಷ ಡಾಲರು ಕೊಟ್ಟು ಕೊಂಡರು. ಕೊಂಡ ಸ್ವಲ್ಪ ದಿನಕ್ಕೇ ಇಬ್ಬರೂ ಜಗಳವಾಡಿ ಬೇರೆಯಾದರು. ಬಾರ್ಬರನ ಪಾಲಿಗೆ ಬಂದದ್ದು ಲೋಕೊಮೊಬೀಲ್. ಮುಂಬಯಿಯಲ್ಲಿ ಹುಟ್ಟಿದ ಆಂಗ್ಲ ಕವಿ ಕಿಪ್ಲಿಂಗ್ ಆ ಉಗಿಗಾಡಿಯೊಂದನ್ನು ಸಾಕಿಕೊಂಡಿದ್ದ. ಅದು ಕೊಟ್ಟ ಕಾಟವನ್ನು ನೆನೆದು ಒಂದು ಹಾಸ್ಯಕಥೆಯನ್ನೂ ಬರೆದ. ಉಗಿಯ ಕಾಲ ಬೇಗ ಮುಗಿಯಿತು. 1902ರ ವೇಳೆಗೆ ಆಂಡ್ರ್ಯೂ ರೈಕರ್ ಎಂಬ ಎಂಜಿನಿಯರು ಕಂಪೆನಿಗೆ ಪೆಟ್ರೋಲ್ ಗಾಡಿಯನ್ನು ರಚಿಸಿಕೊಟ್ಟನು. ಬಹಳ ಜಾಣನಾದ ಈತನೇ 1905ರಲ್ಲಿ ಅಮೆರಿಕದ ಮೋಟಾರು ಎಂಜಿನಿಯರುಗಳ ಸಂಘಕ್ಕೆ ಮೊದಲ ಅಧ್ಯಕ್ಷ. ಉಪಾಧ್ಯಕ್ಷ ಯಾರೆಂದು ಬಲ್ಲಿರಾ? ಹೆನ್ರಿ ಫೋರ್ಡ್!

ಕನೆಕ್ಟಿಕಟ್ ಸಂಸ್ಥಾನದ ಬ್ರಿಜ್‌ಪೋರ್ಟ್ ಎಂಬ ಕಡಲಂಚಿನ ಊರಿನಲ್ಲಿ ಲೋಕೊಮೊಬೀಲ್ ಕಾರ್ಖಾನೆಯಿತ್ತು. ಸರ್ಕಸ್ಸಿನ ಸರದಾರ ಬಾರ್ನಂ ಹಿಂದೊಮ್ಮೆ ಮೇಯರಾಗಿದ್ದ ಊರು ಅದು. ಅಲ್ಲಿ ತಯಾರಾದ ಗಾಡಿಗಳು ಸಿರಿವಂತರಿಗೆಂದೇ ಮಾಡಿದಂಥವು. ಬೇಗ ಮಾಡಬೇಕು, ಅಗ್ಗವಾಗಿ ಮಾರಬೇಕು ಎಂಬ ಆತುರ ಅವರಿಗಿರಲಿಲ್ಲ. ಎಂಜಿನ್ನಿನ ತಳದ ಪೆಟ್ಟಿಗೆಗೆ ಕಂಚಿನ ಎರಕ ಹೊಯ್ಯುತ್ತಿದ್ದರೆಂದರೆ ಉಳಿದುದನ್ನು ಊಹಿಸಿಕೊಳ್ಳಬಹುದು. ಅಮೆರಿಕದಲ್ಲಿ ಇದಕ್ಕಿಂತ ಗಟ್ಟಿಯಾಗಿ ಕಟ್ಟಿದ ಮೋಟಾರು ಇನ್ನೊಂದಿಲ್ಲ ಎಂದು ತಾವೇ ಜಾಹೀರಾತಿನಲ್ಲಿ ಸಾರುತ್ತಿದ್ದರು. ಸಾರಿದರೇನು? ಅಂದಿನ ಅಮೆರಿಕದ ಧನಿಕರಿಗೆ ಕಾರೆಂದರೆ ಫ್ರಾನ್ಸಿನದು, ಇಲ್ಲವೆ ಇಟಲಿಯದು, ಇಲ್ಲವೆ ಜರ್ಮನಿಯದು. ನಮ್ಮಲ್ಲಿ ಮನೆಯಂಗಳದ ಮಲ್ಲಿಗೆಗೆ ಬೆಲೆಯಿಲ್ಲ ಎಂದಂತಾಯಿತು. ತನ್ನ ಗಾಡಿಯೂ ಪರದೇಶದ ಗಾಡಿಗೆ ಸಮವೆಂದು ತೋರಿಸಲು ಕಂಪೆನಿಗೆ ಇದ್ದದ್ದು ಒಂದೇ ದಾರಿ. ಅದು ಪಂದ್ಯ.

ಪಂದ್ಯವನ್ನು ಏರ್ಪಡಿಸಿದವನು ಎರಡನೆಯ ವಿಲಿಯಂ ವಾಂಡರ್‌ಬಿಲ್ಟ್. ರೈಲುಹಾದಿಗಳಿಂದ ಕುಬೇರನಾದ ಕಾರ್ನೀಲಿಯಸ್ ವಾಂಡರ್‌ಬಿಲ್ಟನ ಮರಿಮಗ. ಟಿಫನಿ ಅಂಗಡಿಯಲ್ಲಿ ಬೆಳ್ಳಿಯ ದೊಡ್ಡದೊಂದು ಬಟ್ಟಲನ್ನು ಮಾಡಿಸಿ, ನ್ಯೂಯಾರ್ಕಿಗೆ ಸೇರಿದ ಲಾಂಗ್ ಐಲೆಂಡ್ ದ್ವೀಪದ ಹಳ್ಳಿರಸ್ತೆಗಳಲ್ಲಿ 1904ರಿಂದ ವರ್ಷವರ್ಷವೂ ಪಂದ್ಯ ನಡೆಸತೊಡಗಿದ. ಮೊದಲ ಮೂರು ವರ್ಷವೂ ಬಟ್ಟಲು ಫ್ರಾನ್ಸಿನ ಗಾಡಿಗಳ ಪಾಲಾಯಿತು. 1905ರಲ್ಲಿ ಜೋ ಟ್ರೇಸಿ ಎಂಬ ಸಾರಥಿ ಲೋಕೊಮೊಬೀಲ್ ಗಾಡಿಯನ್ನು ಮೂರನೆಯ ಸ್ಥಾನಕ್ಕೆ ತಂದ. ಅಮೆರಿಕದ ಗಾಡಿ ಅಷ್ಟು ಮುಂದೆ ಬಂದದ್ದು ಅದೇ ಮೊದಲು. ಆ ಹುರುಪಿನಲ್ಲಿ ಕಂಪೆನಿಯವರು 1906ರ ಪಂದ್ಯಕ್ಕೆಂದು ಹೊಸ ಗಾಡಿಯನ್ನು ಕಟ್ಟಿದರು. ನಮ್ಮ ಕಥಾನಾಯಕನ ಜನನ ಹೀಗಾಯಿತು.

ಆ ಎಂಜಿನ್ನನ್ನು ಕುರಿತು ಎರಡು ಮಾತು ಹೇಳಬೇಕು. ನಾಲ್ಕು ಸಿಲಿಂಡರುಗಳು, ಒಟ್ಟು ಗಾತ್ರ ಹದಿನಾರು ಲೀಟರಿಗೂ ಸ್ವಲ್ಪ ಹೆಚ್ಚು. ಒಂದು ಕಾಲಕ್ಕೆ ನಮ್ಮ ಬೀದಿಗಳನ್ನೆಲ್ಲ ಆಳಿದ ಅಂಬಾಸಡರ್ ಕಾರಿನದು ಒಂದೂವರೆ ಲೀಟರಿನ ಎಂಜಿನ್. ಅಂದರೆ ಹತ್ತು ಅಂಬಾಸಡರುಗಳ ಎಂಜಿನ್ನುಗಳನ್ನು ಕೂಡಿಸಿದರೂ ಇದಕ್ಕೆ ಸಾಟಿಯಿಲ್ಲ. ಒಂದೊಂದು ಸಿಲಿಂಡರಿನ ಬಾಯಿ ಏಳೂಕಾಲು ಅಂಗುಲ ಅಗಲ. ಒಳ್ಳೆಯ ಗಾತ್ರದ ಹಿತ್ತಾಳೆ ತಂಬಿಗೆ ಒಳಗೆ ಹಿಡಿಸೀತು. ಇಂಥ ದೈತ್ಯನನ್ನು ಹೊತ್ತ ಗಾಡಿಯ ತೂಕ ಸಾವಿರ ಕಿಲೋಗ್ರಾಂ ಮೀರಕೂಡದೆಂಬುದು ಅಂದಿನ ಪಂದ್ಯದ ನಿಯಮ. ಆದುದರಿಂದ ಕಾರಿಗೆ ಮೈಯೆಂಬುದನ್ನೇ ಇಡಲಿಲ್ಲ. ಎಂಜಿನ್ನಿನ ಶಕ್ತಿ ಹಿಂದಿನ ಚಕ್ರಗಳಿಗೆ ಸೇರುವುದು ಎರಡು ಸರಪಣಿಗಳ ಮೂಲಕ, ನಮ್ಮ ಬೈಸಿಕಲ್ಲಿನ ಹಾಗೆ. ಸಾರಥಿಯ ಪಕ್ಕದಲ್ಲಿ ಮೆಕ್ಯಾನಿಕ್ ಒಬ್ಬ ಕೂಡಬೇಕು. ಹಿಂದಿನಿಂದ ಯಾರು ಬರುತ್ತಿದ್ದಾರೆ, ಟೈರು ಸವೆದಿದೆಯೇ, ಎಣ್ಣೆ ಇಳಿಯುತ್ತಿದೆಯೇ ಎಂದು ನೋಡುವುದೆಲ್ಲ ಅವನ ಕೆಲಸ. ಹಿಡಿದುಕೊಳ್ಳಲು ಆಧಾರವೂ ಸರಿಯಾಗಿಲ್ಲದ ಆ ಆಸನದಲ್ಲಿ, ಗಂಟೆಗೆ ಅರವತ್ತೆಪ್ಪತ್ತು ಮೈಲಿ ವೇಗದಲ್ಲಿ, ಮಣ್ಣುರಸ್ತೆಯ ಮೇಲೆ ನಾಲ್ಕು ತಾಸು ಕುಳಿತವನ ಎದೆಗಾರಿಕೆ ಸಾರಥಿಯದಕ್ಕಿಂತ ಕಡಿಮೆಯೆಂದು ನನಗೆ ತೋರುವುದಿಲ್ಲ. ಹೆಸರು ಮಾತ್ರ ಸಾರಥಿಗೆ!

1906ರ ಅಕ್ಟೋಬರ್ 6ರಂದು ಪಂದ್ಯ. ಟ್ರೇಸಿ ಗಾಡಿಯನ್ನು ಬಾಣದಂತೆ ಬಿಟ್ಟ. ಆ ದಿನದ ಎಲ್ಲ ಸುತ್ತುಗಳಲ್ಲಿ ಅತಿ ವೇಗದ ಸುತ್ತು ಅವನದೇ. ಆದರೆ ಗಾಡಿಯ ವೇಗಕ್ಕೆ ಟೈರುಗಳು ಜೊತೆ ಕೊಡಲಿಲ್ಲ. ಮೇಲಿಂದ ಮೇಲೆ ಒಡೆದವು. ಗೆಲ್ಲಬೇಕಾದ ಗಾಡಿ ದಾರಿಯ ಪಕ್ಕದಲ್ಲಿ ಟೈರು ಬದಲಿಸುತ್ತ ನಿಂತಿತು. ಬಟ್ಟಲು ಮತ್ತೆ ಫ್ರಾನ್ಸಿಗೇ ಹೋಯಿತು. ಅದಕ್ಕಿಂತ ಕೆಟ್ಟದ್ದು ಇನ್ನೊಂದು ನಡೆಯಿತು. ನೋಡಲು ಬಂದ ಜನ ಲಕ್ಷಗಟ್ಟಲೆ. ಗಾಡಿ ಹತ್ತಿರ ಬರುವ ತನಕ ರಸ್ತೆಯ ನಡುವೆಯೇ ನಿಂತು, ಬಂದೊಡನೆ ಹಿಂದೆ ಸರಿಯುವುದು ಅವರಿಗೊಂದು ಆಟ. ಆ ಆಟದಲ್ಲಿ ಪ್ರೇಕ್ಷಕನೊಬ್ಬ ಮತ್ತೊಂದು ಗಾಡಿಗೆ ಸಿಕ್ಕಿ ಸತ್ತ. ಊರೆಲ್ಲ ಕೂಗೆದ್ದಿತು. 1907ರಲ್ಲಿ ಪಂದ್ಯವೇ ನಡೆಯಲಿಲ್ಲ.

ಆ 1906ರ ಜನಸಾಗರದಲ್ಲಿ ನ್ಯೂಯಾರ್ಕಿನ ಹದಿಮೂರು ವರ್ಷದ ಹುಡುಗನೊಬ್ಬನಿದ್ದ. ಹೆಸರು ಪೀಟರ್ ಹೆಲ್ಕ್. ಅವನ ವಿಚಾರ ಮುಂದೆ ಬರುತ್ತದೆ.

ಜನ ಅಡ್ಡಬಾರದ ಒಂದು ರಸ್ತೆ ಬೇಕೆಂದು ವಾಂಡರ್‌ಬಿಲ್ಟನೂ ಅವನ ಮಿತ್ರರೂ ಕೂಡಿ ಸ್ವಂತ ಹಣದಿಂದ ರಸ್ತೆಯೊಂದನ್ನು ಕಟ್ಟಿಸಲು ತೊಡಗಿದರು. ಅದೇ ಲಾಂಗ್ ಐಲೆಂಡ್ ಮೋಟಾರ್ ಪಾರ್ಕ್‌ವೇ. ಮೋಟಾರುಗಳಿಗೆ ಮಾತ್ರ ಮೀಸಲು, ಕುದುರೆಗಾಡಿಗೆ ಪ್ರವೇಶವಿಲ್ಲ. ಬೇರೆ ರಸ್ತೆಗಳು ಅಡ್ಡ ಬಂದಲ್ಲೆಲ್ಲ ಸೇತುವೆ. ಅದರ ಮೊದಲ ತುಣುಕು ಸಿದ್ಧವಾದ ಮೇಲೆ, 1908ರ ಅಕ್ಟೋಬರ್ 24ರಂದು, ಆ ರಸ್ತೆಯನ್ನೂ ಹಳ್ಳಿರಸ್ತೆಗಳನ್ನೂ ಸೇರಿಸಿ ಮತ್ತೆ ಪಂದ್ಯ ನಡೆಯಿತು. ಸುತ್ತೊಂದಕ್ಕೆ ಇಪ್ಪತ್ತಮೂರೂವರೆ ಮೈಲಿಯಂತೆ ಹನ್ನೊಂದು ಸುತ್ತು. ಒಟ್ಟು 258 ಮೈಲಿ.

ಎರಡು ವರ್ಷ ಹಳತಾಗಿದ್ದ ಲೋಕೊಮೊಬೀಲಿಗೆ ಆ ದಿನ ಬಿದ್ದ ಅಂಕಿ 16. ಸಾರಥಿ ಜಾರ್ಜ್ ರಾಬರ್ಟ್‌ಸನ್. ಪಕ್ಕದಲ್ಲಿ ಮೆಕ್ಯಾನಿಕ್ ಗ್ಲೆನ್ ಎಥ್ರಿಜ್. ನಸುಕಿನ ಮಂಜಿನಲ್ಲಿ ಹೊರಟ ಗಾಡಿ ಸುತ್ತಿನ ಮೇಲೆ ಸುತ್ತು ಹಾಕಿತು. ಹಿಂದೆಯೇ ಇಟಲಿಯ ಇಸೋಟ ಫ್ರಸ್ಕೀನಿ ಗಾಡಿಯಲ್ಲಿ ಹರ್ಬರ್ಟ್ ಲಿಟಲ್. ಇನ್ನೇನು ಮುಗಿಯಿತು ಎನ್ನುವಾಗ 1906ರ ಶನಿ ಮತ್ತೆ ಹೆಗಲೇರಿತು: ಟೈರು ಒಡೆಯಿತು. ಇಬ್ಬರೂ ಕೆಳಗೆ ಹಾರಿ, ಕೈ ಸುಟ್ಟರೂ ಲೆಕ್ಕಿಸದೆ ಟೈರನ್ನು ಬದಲಿಸಿ, ಮತ್ತೆ ಹತ್ತಿ ಹೊರಟರು. ಗುರಿಯ ಗೆರೆ ದಾಟಿದಾಗ ಹಿಡಿದ ಸಮಯ ನಾಲ್ಕು ತಾಸಿನ ಮೇಲೆ ನಲವತ್ತೆಂಟು ಸೆಕೆಂಡು. ಸರಾಸರಿ ಗಂಟೆಗೆ 64 ಮೈಲಿ. ಲಿಟಲ್ ಎರಡು ನಿಮಿಷದೊಳಗೆ ಬಂದ. ಜೋ ಫ್ಲಾರಿಡ ಎಂಬವನು ನಡೆಸಿದ ಮತ್ತೊಂದು ಲೋಕೊಮೊಬೀಲ್ ಮೂರನೆಯದು. ವಾಂಡರ್‌ಬಿಲ್ಟ್ ಬಟ್ಟಲು ಮೊದಲ ಬಾರಿಗೆ ಅಮೆರಿಕದ ಗಾಡಿಯ ಕೈಸೇರಿತು.

ದೇಶವೆಲ್ಲ ಡಂಗುರ ಹೊಡೆಯಿತು. ನ್ಯಾಯವಾಗಿ ಹೇಳಬೇಕಾದರೆ ಅದರಲ್ಲಿ ಸ್ವಲ್ಪ ಉತ್ಪ್ರೇಕ್ಷೆಯೂ ಇತ್ತು. ಅಮೆರಿಕದ ಎರಡು ಮೋಟಾರು ಸಂಘಗಳಿಗೆ ಆ ವರ್ಷ ತಮ್ಮತಮ್ಮಲ್ಲೇ ಜಗಳ. ಯೂರೋಪಿನ ಬಲವಾದ ತಂಡಗಳಲ್ಲಿ ಹಲವು ಲಾಂಗ್ ಐಲೆಂಡಿಗೆ ಬರದೆ, ಮುಂದಿನ ತಿಂಗಳು ಸವಾನದಲ್ಲಿ ನಡೆದ ಬೇರೊಂದು ಪಂದ್ಯಕ್ಕೆ ಹೋದವು. ಅಲ್ಲಿ ಗೆದ್ದದ್ದು ಇಟಲಿಯ ಫಿಯಟ್. ಆದರೂ ಗೆಲುವು ಗೆಲುವೇ. ಎದುರಾಳಿ ಬರದಿದ್ದರೆ ಅದು ಬಂದವನ ತಪ್ಪಲ್ಲ.

ಇದೇ 1908ರ ಅಕ್ಟೋಬರ್ ತಿಂಗಳ ಮೊದಲನೆಯ ತಾರೀಖಿನಂದು, ಅಂದರೆ ಹದಿನಾರರ ಗೆಲುವಿಗೆ ಇಪ್ಪತ್ತಮೂರು ದಿನ ಮುಂಚೆ, ಡೆಟ್ರಾಯಿಟಿನಲ್ಲಿ ಮತ್ತೊಂದು ಗಾಡಿ ಮಾರಾಟಕ್ಕೆ ಬಂದಿತ್ತು. ಅದಕ್ಕೆ ಪಂದ್ಯವಿಲ್ಲ, ಬೆಳ್ಳಿಯ ಬಟ್ಟಲಿಲ್ಲ. ಬೆಲೆ 850 ಡಾಲರು. ಹೆಸರು ಮಾಡೆಲ್ ಟಿ. ಮುಂದಿನ ಹತ್ತೊಂಬತ್ತು ವರ್ಷಗಳಲ್ಲಿ ಅಂಥವು ಒಂದೂವರೆ ಕೋಟಿ ತಯಾರಾದವು. ರೈತನೂ ಶಾಲಾ ಉಪಾಧ್ಯಾಯನೂ ಕಾರಿನಲ್ಲಿ ಕೂಡುವಂತಾಯಿತು. ಲೋಕೊಮೊಬೀಲ್ ಮಾತ್ರ ತನ್ನ ಹಾದಿ ಬಿಡಲಿಲ್ಲ. ಧನಿಕರಿಗೆಂದು ಇನ್ನೂ ದೊಡ್ಡ, ಇನ್ನೂ ಬೆಲೆಯುಳ್ಳ ಗಾಡಿಗಳನ್ನೇ ಕಟ್ಟಿತು. 1911ರಲ್ಲಿ ಬಂದ ಅದರ 48 ಎಂಬ ಮಾದರಿ ಸಿರಿವಂತಿಕೆಗೆ ಇನ್ನೊಂದು ಹೆಸರೆನಿಸಿತು. ಆದರೆ ಕೊಳ್ಳುವ ಮಂದಿ ಎಷ್ಟಿದ್ದಾರು? 1922ರಲ್ಲಿ ಕಂಪೆನಿ ಡ್ಯೂರಾಂಟನ ಕೈಗೆ ಹೋಯಿತು. 1929ರಲ್ಲಿ ಬಾಗಿಲು ಮುಚ್ಚಿತು. ಅದೇ ವರ್ಷ ಡಿಯರ್‌ಬಾರ್ನಿನಲ್ಲಿ ಫೋರ್ಡನ ಸಂಗ್ರಹಾಲಯಕ್ಕೆ ಬಾಗಿಲು ಇಟ್ಟರೆಂಬುದನ್ನು ವಾಚಕರು ಗಮನಿಸಿರಬಹುದು.

ಪಂದ್ಯದ ಗಾಡಿಗಳ ಆಯುಸ್ಸು ಬಹಳ ಕಡಿಮೆ. ಮುಂದಿನ ವರ್ಷ ಅದಕ್ಕಿಂತ ಓಟದ ಗಾಡಿ ಬರುತ್ತದೆ. ಹಳೆಯದನ್ನು ಬಿಚ್ಚಿ ಭಾಗಗಳನ್ನು ಬೇರೆಯದಕ್ಕೆ ಹಾಕುತ್ತಾರೆ, ಉಳಿದದ್ದು ಗುಜರಿಗೆ. ಹದಿನಾರು ಹಾಗಾಗಲಿಲ್ಲ. ಕಂಪೆನಿ ಅದನ್ನು ತನ್ನಲ್ಲೇ ಇಟ್ಟುಕೊಂಡಿತು. ಅಲ್ಲಿಂದ ಅದು ಆಂಡ್ರ್ಯೂ ರೈಕರನಿಗೆ ಸೇರಿತು. ಕಟ್ಟಿದವನೇ ಒಡೆಯನಾದನೆಂದರೆ ಅದಕ್ಕಿಂತ ಒಳ್ಳೆಯ ಮನೆ ಯಾವುದಿದೆ? ತೊಟ್ಟಿಲು ತೂಗಿದ ಕೈಗೆ ಮಗು ಮರಳಿ ಸಿಕ್ಕಂತೆ. ಆಮೇಲೆ ಜೋಸೆಫ್ ಸೆಷನ್ಸ್ ಎಂಬ ಆಸಕ್ತನು ಅದನ್ನು ಕೊಂಡುಕೊಂಡು ಕಾಪಾಡಿದ. ಈ ಅವಧಿಯಲ್ಲಿ ಗಾಡಿಗೆ ಹೇಳಿಕೊಳ್ಳುವಂಥ ಸಾಹಸವೇನೂ ಇಲ್ಲ. ಅದು ಸುಮ್ಮನೆ ಉಳಿದುಕೊಂಡಿತು, ಅಷ್ಟೆ. ಉಳಿಯುವುದೂ ಒಂದು ಸಾಹಸವೇ ಎಂದು ಆ ಕಾಲದ ಬೇರೆ ಪಂದ್ಯದ ಗಾಡಿಗಳ ಗತಿಯನ್ನು ಕಂಡರೆ ತಿಳಿಯುತ್ತದೆ.

1941ರಲ್ಲಿ ಸೆಷನ್ಸ್ ಗಾಡಿಯನ್ನು ಮಾರಿದ. ಕೊಂಡವನಿಗೆ ಆಗ ನಲವತ್ತೇಳೋ ನಲವತ್ತೆಂಟೋ ವರ್ಷ. ಅಮೆರಿಕದ ದೊಡ್ಡ ಪತ್ರಿಕೆಗಳಿಗೂ ಜಾಹೀರಾತುಗಳಿಗೂ ಚಿತ್ರ ಬರೆದು ಹೆಸರಾಗಿದ್ದ ಚಿತ್ರಗಾರ. ರೈಲಿನ ಎಂಜಿನ್, ಕಬ್ಬಿಣದ ಕಾರ್ಖಾನೆ, ಹೊಗೆ, ಬೆವರು, ಯಂತ್ರದ ಗದ್ದಲ — ಇವನ್ನು ಬಣ್ಣದಲ್ಲಿ ಹಿಡಿಯುವುದರಲ್ಲಿ ಅವನದು ಎತ್ತಿದ ಕೈ. ಮುವತ್ತೈದು ವರ್ಷದ ಹಿಂದೆ ಲಾಂಗ್ ಐಲೆಂಡಿನ ರಸ್ತೆಯ ಅಂಚಿನಲ್ಲಿ ನಿಂತಿದ್ದ ಆ ಹುಡುಗ ಪೀಟರ್ ಹೆಲ್ಕನೇ ಇವನು!

ಚಿಕ್ಕಂದಿನಲ್ಲಿ ಕಂಡು ಬೆರಗಾದ ವಸ್ತು ದೊಡ್ಡವರಾದ ಮೇಲೆ ಕೈಗೆ ಸಿಗುವ ಭಾಗ್ಯ ಎಷ್ಟು ಮಂದಿಗಿದೆ? ಸಿಕ್ಕಿದರೂ ಅದು ಅಂದಿನಷ್ಟು ದೊಡ್ಡದಾಗಿ ಕಾಣುವುದಿಲ್ಲ. ಅಜ್ಜನ ಮನೆಯ ಹೆಬ್ಬಾಗಿಲು ಈಗ ಹೋಗಿ ನೋಡಿದರೆ ತಲೆಗೆ ತಾಗುತ್ತದೆ. ಹೆಲ್ಕನಿಗೆ ಹಾಗಾಗಲಿಲ್ಲವೆಂಬುದಕ್ಕೆ ಅವನ ಮುಂದಿನ ಬಾಳೇ ಸಾಕ್ಷಿ. ಆ ಗಾಡಿಯನ್ನು ಕೊಂಡ ಮೇಲೆ ಅವನ ಕುಂಚ ಹಳೆಯ ಪಂದ್ಯಗಳ ಕಡೆಗೇ ತಿರುಗಿತು. ವಾಂಡರ್‌ಬಿಲ್ಟ್ ಪಂದ್ಯದ ಧೂಳು, ತಿರುವಿನಲ್ಲಿ ವಾಲಿದ ಗಾಡಿ, ಬೇಲಿಯನ್ನೇರಿ ಕೂಗುವ ಜನ, ಕಣ್ಣಿಗೆ ಗಾಜು ಕಟ್ಟಿದ ಸಾರಥಿ. ಇಂದು ಆ ಪಂದ್ಯಗಳನ್ನು ನೆನೆದಾಗ ಅಮೆರಿಕದವರ ಕಣ್ಣಿಗೆ ಕಟ್ಟುವುದು ಬಹುಮಟ್ಟಿಗೆ ಹೆಲ್ಕನ ಚಿತ್ರಗಳೇ. 1961ರಲ್ಲೂ 1975ರಲ್ಲೂ ಆ ಪಂದ್ಯಗಳನ್ನು ಕುರಿತು ಎರಡು ದೊಡ್ಡ ಚಿತ್ರಗ್ರಂಥಗಳನ್ನು ಪ್ರಕಟಿಸಿದ. ಎದುರಿಗೆ ಮಾದರಿಯಾಗಿ ನಿಂತಿದ್ದದ್ದು ಹದಿನಾರು.

ಹೆಲ್ಕನ ಮನೆ ಇದ್ದದ್ದು ನ್ಯೂಯಾರ್ಕ್ ಸಂಸ್ಥಾನದ ಪೂರ್ವದ ಅಂಚಿನಲ್ಲಿ, ಬಾಸ್ಟನ್ ಕಾರ್ನರ್ಸ್ ಎಂಬ ಕೊಂಪೆಯಲ್ಲಿ. ಆ ಊರಿನದೂ ಒಂದು ಮೋಜಿನ ಕಥೆ. ಹಿಂದೆ ಅದು ಮ್ಯಾಸಚೂಸೆಟ್ಸ್ ಸಂಸ್ಥಾನಕ್ಕೆ ಸೇರಿತ್ತು. ಆದರೆ ನಡುವೆ ಬೆಟ್ಟ ಅಡ್ಡವಿದ್ದುದರಿಂದ ಆ ಸಂಸ್ಥಾನದ ಪೊಲೀಸರು ಬರುವಂತಿರಲಿಲ್ಲ, ನ್ಯೂಯಾರ್ಕಿನ ಪೊಲೀಸರಿಗೆ ಅಧಿಕಾರವಿರಲಿಲ್ಲ. ಇದನ್ನರಿತ ಮುಷ್ಟಿಯುದ್ಧದವರು 1853ರಲ್ಲಿ, ಕಾನೂನು ನಿಷೇಧಿಸಿದ್ದ ದೊಡ್ಡ ಪಂದ್ಯವೊಂದನ್ನು ಅಲ್ಲೇ ನಡೆಸಿಬಿಟ್ಟರು. ಎರಡು ವರ್ಷದಲ್ಲಿ ಸರಕಾರ ಎಚ್ಚೆತ್ತು ಊರನ್ನು ನ್ಯೂಯಾರ್ಕಿಗೆ ಸೇರಿಸಿತು. ಇಂಥ ಊರಿನ ಹಾದಿಗಳಲ್ಲಿ, ನಂಬರಿನ ಅಂಕಿಯನ್ನು ಹೊತ್ತ ಪಂದ್ಯದ ದೈತ್ಯ ಸದ್ದು ಮಾಡುತ್ತ ಓಡಾಡತೊಡಗಿತು. ಹೆಲ್ಕ್ ಅದನ್ನು ಪಂಜರದ ಪಕ್ಷಿ ಮಾಡಲಿಲ್ಲ. ತಾನೂ ನಡೆಸಿದ, ಮಗನೂ ನಡೆಸಿದ, ಬಂದ ಅತಿಥಿಗಳನ್ನೂ ಮೆಕ್ಯಾನಿಕ್ಕಿನ ಆಸನದಲ್ಲಿ ಕೂರಿಸಿಕೊಂಡು ಸುತ್ತಾಡಿಸಿದ.

ಅವನು ಕೊಂಡ ಕಾಲವೂ ಅಂಥದೇ. ಆ ವರ್ಷದ ಕೊನೆಗೆ ಅಮೆರಿಕ ಯುದ್ಧಕ್ಕಿಳಿಯಿತು. ಮರುವರ್ಷ ಊರೂರಿನಲ್ಲಿ ಹಳೆಯ ಕಬ್ಬಿಣವನ್ನು ಕೂಡಿಹಾಕಿದರು. ಕೊಟ್ಟಿಗೆಯ ಮೂಲೆಯಲ್ಲಿದ್ದ ಎಷ್ಟೋ ಹಳೆಯ ಮೋಟಾರುಗಳು ಕುಲುಮೆಗೆ ಹೋದವು. ಬೆಲೆ ಬಲ್ಲ ಒಡೆಯನಿಲ್ಲದ ಗಾಡಿಗೆ ಅಂದು ಉಳಿಗಾಲವಿರಲಿಲ್ಲ.

ಯುದ್ಧ ಮುಗಿದ ಮೇಲೆ ಬೇರೊಂದು ಬಗೆಯ ಆಪತ್ತು ಬಂತು. ಹಳೆಯ ಕಾರುಗಳ ಮೇಲೆ ಧನಿಕರಿಗೆ ಮೋಹ ಹುಟ್ಟಿತು. ಕೊಳ್ಳುವುದು, ತಿರುಪು ತಿರುಪಾಗಿ ಬಿಚ್ಚುವುದು, ತುಕ್ಕು ಕೆರೆಯುವುದು, ಪದರದ ಮೇಲೆ ಪದರ ಬಣ್ಣ ಹೊಡೆಯುವುದು, ಹೊಸ ತೊಗಲು ಹೊದಿಸುವುದು, ಲೋಹಕ್ಕೆ ಕನ್ನಡಿಯಂಥ ಮೆರುಗು ಕೊಡುವುದು. ಪ್ರದರ್ಶನಗಳಲ್ಲಿ ಬಹುಮಾನ ಇಂಥವಕ್ಕೇ. ಕಾರ್ಖಾನೆಯಿಂದ ಹೊರಬಿದ್ದ ದಿನವೂ ಇಲ್ಲದ ಹೊಳಪು ಅವುಗಳ ಮೇಲೆ! ಹೆಲ್ಕನಿಗೆ ಈ ವಿದ್ಯೆ ತಿಳಿಯದ್ದಲ್ಲ. ಬಣ್ಣವೇ ಅವನ ಕಸುಬು. ಆದರೂ ಗಾಡಿ ಓಡುವುದಕ್ಕೆ ಎಷ್ಟು ಬೇಕೋ ಅಷ್ಟನ್ನು ಮಾಡಿ, ಉಳಿದುದನ್ನು ಮುಟ್ಟದೆ ಬಿಟ್ಟ. ಚಿತ್ರಗಾರನಾದುದರಿಂದಲೇ ಮುಟ್ಟಲಿಲ್ಲವೋ ಏನೋ. ಮಾಸಿದ ಬಣ್ಣದಲ್ಲಿ ಎಷ್ಟು ಬಣ್ಣಗಳಿರುತ್ತವೆಂದು ಅವನಿಗಿಂತ ಬಲ್ಲವರಾರು?

ಹದಿನಾರರ ಜೊತೆಯವನೊಬ್ಬನನ್ನು ಇಲ್ಲಿ ನೆನೆಯಬೇಕು. ಅದೇ 1908ರಲ್ಲಿ ಬಫಲೋ ನಗರದ ತಾಮಸ್ ಕಂಪೆನಿಯ ಫ್ಲೈಯರ್ ಎಂಬ ಕಾರು ನ್ಯೂಯಾರ್ಕಿನಿಂದ ಹೊರಟು, ಅಮೆರಿಕವನ್ನು ದಾಟಿ, ಜಪಾನನ್ನು ಮುಟ್ಟಿ, ಸೈಬೀರಿಯದ ಕೆಸರನ್ನು ತುಳಿದು ಪ್ಯಾರಿಸ್ ಸೇರಿತು. ಫೆಬ್ರವರಿ 12ರಂದು ಹೊರಟದ್ದು ಜುಲೈ 30ರಂದು ಮುಟ್ಟಿತು. ಆ ಮಹಾಯಾತ್ರೆಯ ಪಂದ್ಯದಲ್ಲಿ ಗೆದ್ದದ್ದು ಅದೇ. ಕಂಪೆನಿ ಮುಳುಗಿದಾಗ, 1913ರಲ್ಲಿ, ಹಳೆಯ ಸಾಮಾನಿನೊಂದಿಗೆ ಗಾಡಿಯೂ ಹರಾಜಾಯಿತು. ಕೈ ಬದಲಿಸುತ್ತ ಬದಲಿಸುತ್ತ 1964ರಲ್ಲಿ ನೆವಾಡ ಸಂಸ್ಥಾನದ ರೀನೋ ನಗರದ ಜೂಜುಗೃಹಗಳ ಒಡೆಯ ವಿಲಿಯಂ ಹ್ಯಾರನ ಕೈಸೇರಿತು. ಅದು ಅದೇ ಗಾಡಿಯೆಂದು ಹೇಗೆ ನಂಬುವುದು? ಅದನ್ನು ಪ್ಯಾರಿಸ್ಸಿಗೆ ಒಯ್ದಿದ್ದ ಜಾರ್ಜ್ ಶೂಸ್ಟರ್ ಆಗ ತೊಂಬತ್ತರ ಹರೆಯದ ಮುದುಕ, ಅವನನ್ನೇ ಕರೆಸಿದರು. ಗಾಡಿಯನ್ನು ಬಿಚ್ಚಿ ಕೆರೆಯುತ್ತ ಹೋದಂತೆ, ದಾರಿಯಲ್ಲಿ ಮುರಿದದ್ದನ್ನು ತನ್ನ ಕೈಯಾರೆ ಸರಿಪಡಿಸಿದ್ದ ಗುರುತುಗಳನ್ನು ಕಂಡು ಮುದುಕ ಹೌದೆಂದ. ಆ ಮೇಲೆ ಹ್ಯಾರ ಆ ಗಾಡಿಯನ್ನು ರಿಪೇರಿ ಮಾಡಿಸಿದ. ಹೊಸದರಂತೆ ಅಲ್ಲ, ಪ್ಯಾರಿಸ್ ಮುಟ್ಟಿದ ದಿನ ಹೇಗಿತ್ತೋ ಹಾಗೆ! ಗಾಯಗಳನ್ನು ಅಳಿಸದೆ, ಆ ಒಂದು ದಿನದ ರೂಪವನ್ನು ಮರಳಿ ಕೊಡಿಸಲಾಯಿತು. ಇಂದೂ ಅದು ರೀನೋ ನಗರದ ಮೋಟಾರು ಸಂಗ್ರಹಾಲಯದಲ್ಲಿದೆ.

ಹ್ಯಾರ ಮಾಡಿಸಿದ್ದು ತಪ್ಪೆಂದು ಹೇಳುವ ಧೈರ್ಯ ನನಗಿಲ್ಲ. ಅಷ್ಟು ಜೀರ್ಣವಾಗಿದ್ದ ಗಾಡಿಗೆ ಬೇರೆ ಗತಿಯಿರಲಿಲ್ಲ. ಆದರೆ ಎರಡರ ನಡುವಣ ಅಂತರವನ್ನು ನೋಡಿ. ಫ್ಲೈಯರ್ ಗಾಡಿಯಲ್ಲಿ ಕಾಣುವುದು 1908ರ ಒಂದು ದಿನ. ಹದಿನಾರರಲ್ಲಿ ಕಾಣುವುದು ಅಂದಿನಿಂದ ಇಂದಿನವರೆಗಿನ ಎಲ್ಲ ದಿನಗಳು: ರಾಬರ್ಟ್‌ಸನ್ನನ ಓಟದ ಜೊತೆಗೆ ರೈಕರನ ಮೌನ, ಸೆಷನ್ಸನ ಕಾವಲು, ಹೆಲ್ಕನ ಹಳ್ಳಿಯ ಧೂಳು. ಬಣ್ಣ ಬಳಿದಿದ್ದರೆ ಇವುಗಳಲ್ಲಿ ಮೂರು ಹೋಗಿ ಒಂದೇ ಉಳಿಯುತ್ತಿತ್ತು. ಆ ಒಂದಾದರೂ ನಿಜವಾದ ಓಟದ ಬಣ್ಣವಲ್ಲ. ಯಾವನೋ ಕುಶಲ ಕೆಲಸಗಾರ ಊಹಿಸಿ ಬಳಿದದ್ದು.

ಡಿಯರ್‌ಬಾರ್ನಿನ ಅದೇ ಸೂರಿನಡಿ ಇದಕ್ಕೆ ವಿರುದ್ಧವಾದ ನಿದರ್ಶನವೂ ಇದೆ. 1955ರ ಡಿಸೆಂಬರ್ 1ರಂದು ಮಾಂಟ್‌ಗೊಮೆರಿ ನಗರದಲ್ಲಿ, ಬಿಳಿಯನಿಗೆ ಸ್ಥಾನ ಬಿಟ್ಟೇಳಲು ರೋಸಾ ಪಾರ್ಕ್ಸ್ ಒಪ್ಪದೆ ಕುಳಿತ ಬಸ್ಸು ಅದು. ಓಡುವುದು ನಿಂತ ಮೇಲೆ ಮುವತ್ತು ವರ್ಷ ಅಲಬಾಮದ ಹೊಲವೊಂದರಲ್ಲಿ ಸಾಮಾನು ತುಂಬುವ ಕೊಟ್ಟಿಗೆಯಾಗಿ ಬಿದ್ದಿತ್ತು. 2001ರಲ್ಲಿ ಸಂಗ್ರಹಾಲಯದವರು 4,92,000 ಡಾಲರು ಕೊಟ್ಟು ಹರಾಜಿನಲ್ಲಿ ಕೊಂಡು, 1955ರಲ್ಲಿ ಇದ್ದಂತೆ ಮಾಡಿಸಿದರು. ಇಂದು ಮಕ್ಕಳು ಒಳಗೆ ಹೋಗಿ ಆ ಆಸನದಲ್ಲಿ ಕೂತು ಬರುತ್ತಾರೆ. ತುಕ್ಕು ಹಿಡಿದ ತಗಡಿನ ಡಬ್ಬಿಯಾಗಿಯೇ ಇಟ್ಟಿದ್ದರೆ ಮಗುವಿಗೆ ಏನು ತಿಳಿಯುತ್ತಿತ್ತು? ಅಲ್ಲಿ ಬೇಕಾದದ್ದು ಆ ಒಂದು ಸಾಯಂಕಾಲವೇ. ಲಿಂಕನ್ನನ ಕುರ್ಚಿಯ ಮಾತು ಮತ್ತೂ ಬೇರೆ. ಅದರ ಬೆನ್ನಿನ ಮೇಲೆ ಕಪ್ಪಾದ ಕಲೆಯೊಂದಿದೆ. ನೋಡಿದವರೆಲ್ಲ ರಕ್ತವೆಂದು ಮರುಗುತ್ತಾರೆ. ಅದು ರಕ್ತವಲ್ಲ, ಹಿಂದೆ ಅದರಲ್ಲಿ ಕೂತು ನಾಟಕ ನೋಡಿದವರ ತಲೆಯ ಎಣ್ಣೆಯ ಜಿಡ್ಡು! ತೊಳೆದುಬಿಟ್ಟಿದ್ದರೆ ಈ ಸತ್ಯವೂ ಜಿಡ್ಡಿನೊಡನೆ ಹೋಗುತ್ತಿತ್ತು.

ಹೀಗೆ ಮುಟ್ಟದೆ ಇಡುವುದೇ ಮೇಲೆಂಬ ವಿಚಾರ ಮೋಟಾರುಪ್ರಿಯರಲ್ಲಿ ಬೇರೂರಿದ್ದು ಇತ್ತೀಚೆಗೆ. ಫಿಲಡೆಲ್ಫಿಯದ ನರಶಸ್ತ್ರವೈದ್ಯ ಫ್ರೆಡ್ ಸಿಮಿಯೋನ್ ಎಂಬವರು ತಮ್ಮ ಸಂಗ್ರಹವನ್ನು 2008ರಲ್ಲಿ ಸಾರ್ವಜನಿಕರಿಗೆ ತೆರೆದು, ಹಳೆಯ ಕಾರನ್ನು ಕೊಂಡವನು ಒಡೆಯನಲ್ಲ, ಪಾರುಪತ್ಯಗಾರ ಮಾತ್ರ ಎಂದು 2022ರಲ್ಲಿ ತೀರಿಕೊಳ್ಳುವ ತನಕ ವಾದಿಸಿದರು. ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟವೂ 2012ರಲ್ಲಿ ಟ್ಯೂರಿನ್ ಸನ್ನದು ಎಂಬ ಪತ್ರದಲ್ಲಿ ಇದೇ ನೀತಿಯನ್ನು ಒಪ್ಪಿಕೊಂಡಿತು. ಹೆಲ್ಕ್ ಇವರಿಗೆಲ್ಲ ಅರ್ಧ ಶತಮಾನ ಮೊದಲೇ, ಯಾವ ಸನ್ನದೂ ಇಲ್ಲದೆ ಅದನ್ನು ನಡೆಸಿ ತೋರಿಸಿದ್ದ.

ಹೆಲ್ಕ್ 1988ರಲ್ಲಿ ತೀರಿಕೊಂಡ. ಕೊಂಡ ಮೇಲೆ ಅವನು ಅದನ್ನು ಬಿಟ್ಟಿರಲಿಲ್ಲ. ನಲವತ್ತೇಳು ವರ್ಷದ ಸಂಸಾರ. 1997ರಲ್ಲಿ ಗಾಡಿ ಡಿಯರ್‌ಬಾರ್ನಿಗೆ ಬಂತು. ಧನಿಕರ ಗಾಡಿಗಳ ವ್ಯಾಪಾರವನ್ನೇ ಮಂಕಾಗಿಸಿದ ಫೋರ್ಡನ ಮನೆಯಲ್ಲಿ ಧನಿಕರ ಗಾಡಿಯ ಕುಲಪುತ್ರನಿಗೆ ಆಶ್ರಯ! ಅಲ್ಲಿ ಅದಕ್ಕೆ ಮಳೆಯಿಲ್ಲ, ಧೂಳಿಲ್ಲ, ಕಳ್ಳರ ಭಯವಿಲ್ಲ. ಹಾಗೆಯೇ ಬಾಸ್ಟನ್ ಕಾರ್ನರ್ಸಿನ ತಿರುವುಗಳೂ ಇಲ್ಲ. ಮಕ್ಕಳು ಬಂದು, ಇದು ಯಾಕೆ ಇಷ್ಟು ಕೊಳೆಯಾಗಿದೆ ಎಂದು ತಾಯಿಯನ್ನು ಕೇಳುತ್ತಾರೆ. ಕೆಲವರು ಫಲಕವನ್ನು ಓದಿ ಹೇಳುತ್ತಾರೆ; ಕೆಲವರು ಮುಂದೆ ಸಾಗುತ್ತಾರೆ.

ಡಿಯರ್‌ಬಾರ್ನಿಗೆ ಹೋಗಲಾಗದೆ ನ್ಯೂಯಾರ್ಕಿಗೆ ಮಾತ್ರ ಹೋಗುವವರು — ಇಂದು ನಮ್ಮ ಮನೆಮನೆಯಿಂದಲೂ ಮಕ್ಕಳನ್ನು ನೋಡಲು ಹೋಗುವವರಿದ್ದಾರೆ — ಒಂದು ಬೆಳಗನ್ನು ಕ್ವೀನ್ಸ್ ಭಾಗದ ಆಲಿ ಪಾಂಡ್ ಉದ್ಯಾನಕ್ಕೆ ಮೀಸಲಿಡಬಹುದು. ವಾಂಡರ್‌ಬಿಲ್ಟನ ಮೋಟಾರ್ ಪಾರ್ಕ್‌ವೇಯ ತುಣುಕೊಂದು ಅಲ್ಲಿ ಉಳಿದಿದೆ. ಹಣ ತಿಂದು ತಿಂದು ಸೋತ ಆ ರಸ್ತೆಯನ್ನು 1938ರಲ್ಲಿ ಮುಚ್ಚಿ, ತೆರಿಗೆಯ ಬಾಕಿಗಾಗಿ ಸರಕಾರಕ್ಕೆ ಒಪ್ಪಿಸಿದರು. ಮರಗಳ ನಡುವೆ ಕಿರಿದಾದ ದಾರಿ. ಅಲ್ಲಲ್ಲಿ ಹಳೆಯ ಕಾಂಕ್ರೀಟು ಸೇತುವೆ. ಹದಿನಾರು ಓಡಿದ ಕಾಲಕ್ಕೆ ಅಲ್ಲಿ ಒಮ್ಮೆ ಹೋಗಿಬರಲು ಮೋಟಾರಿನವನು ಎರಡು ಡಾಲರು ಸುಂಕ ತೆರಬೇಕಾಗಿತ್ತು. ಈಗ ನಡೆಯುವವರಿಗೂ ಬೈಸಿಕಲ್ಲಿನ ಹುಡುಗರಿಗೂ ಬಿಟ್ಟಿ. ಮೋಟಾರುಗಳಿಗೆ ಮಾತ್ರ ಪ್ರವೇಶವಿಲ್ಲ.